ಕಂಪ್ಯೂಟರ್ ಬರೋ ಸರ್ ಬೇರೆ, ಕಂಪ್ಯೂಟರ್ ಕಲಿಸೋ ಸರ್ ಬೇರೆ

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಯಾವುದಾದರೂ ಸರ್ಕಾರಿ ಪ್ರೌಢಶಾಲೆಗೆ ಹೋಗಿ, 'ಇಲ್ಲಿ ಕಂಪ್ಯೂಟರ್ ಕಲಿಸೋರು ಯಾರು ರೀ?' ಅಂತ ಕೇಳಿ. ಬಹಳ ಕಡೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಸರ್ ಅಥವಾ ಮೇಡಂ ಕಡೆ ಕೈ ತೋರಿಸುತ್ತಾರೆ. ಅವರು ಆ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಕೂತು ಸ್ಯಾಟ್ಸ್ ಅನ್ನುವ ಇಲಾಖೆಯ ಆನ್‌ಲೈನ್ ದಾಖಲೆಗೆ ಮಕ್ಕಳ ವಿವರ ಹಾಕುತ್ತಾ ಇರುತ್ತಾರೆ. ಅದು ಮುಗಿದರೆ ಕೇಂದ್ರಕ್ಕೆ ಶಾಲೆಯ ಅಂಕಿ-ಅಂಶ ಕೊಡುವ ಯು-ಡೈಸ್, ಅದೂ ಮುಗಿದರೆ ವಿದ್ಯಾರ್ಥಿವೇತನದ ಅರ್ಜಿ. 'ನಿಮಗೆ ಕಂಪ್ಯೂಟರ್ ಬರ್ತದಲ್ಲ ಸರ್, ಸ್ವಲ್ಪ ಮಾಡಿಕೊಡ್ರಿ' ಅಂತ ಎಚ್ಚೆಮ್ಮರು (ಮುಖ್ಯ ಶಿಕ್ಷಕರು) ಒಮ್ಮೆ ಅಂದರೆ ಮುಗಿಯಿತು. ಶಾಲೆಯ ಆನ್‌ಲೈನ್ ಕೆಲಸವೆಲ್ಲ ನಿವೃತ್ತಿಯವರೆಗೂ ಅವರ ತಲೆಗೇ.

ಕಂಪ್ಯೂಟರ್ ಬರುವುದು ಅವರಿಗೆ ಶಿಕ್ಷೆಯೇ ಆಗಿದೆ, ಮಕ್ಕಳಿಗೆ ಪಾಠ ಆಗಿಲ್ಲ.

ಈಗ ಈ ಮಾತು ಯಾಕೆ ಅಂದರೆ, ಮೇಲಿನಿಂದ ಒಂದರ ಮೇಲೊಂದು ಘೋಷಣೆ ಬರುತ್ತಿವೆ. ಆರನೇ ತರಗತಿ ಹೊತ್ತಿನಿಂದಲೇ ಕೋಡಿಂಗ್ ಪರಿಚಯಿಸಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಸಿಬಿಎಸ್ಇ 2019ರಲ್ಲೇ ಒಂಬತ್ತನೇ ತರಗತಿಗೆ ಎಐ ಅನ್ನು ಐಚ್ಛಿಕ ವಿಷಯ ಮಾಡಿತು. 2026-27ರಿಂದ ಮೂರನೇ ತರಗತಿಯಿಂದಲೇ ಎಐ ಮತ್ತು ಕಂಪ್ಯುಟೇಷನಲ್ ಥಿಂಕಿಂಗ್ (ಸಮಸ್ಯೆಯನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸುವ ಯೋಚನೆ) ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ರಾಜ್ಯದ ನೀತಿ ಏನೇ ಇರಲಿ, ಈ ಗಾಳಿ ನಮ್ಮ ದೇವದುರ್ಗ, ಕುಷ್ಟಗಿ, ಸಿರುಗುಪ್ಪಕ್ಕೂ ಬೀಸೇ ಬೀಸುತ್ತದೆ. ಬಂದಾಗ ಎಲ್ಲರೂ ಮೊದಲು ಕೇಳುವುದು 'ಲ್ಯಾಬ್ ಇದೆಯಾ, ಎಷ್ಟು ಸಿಸ್ಟಮ್ ಇವೆ' ಅಂತ. ಪಾಠ ಮಾಡುವವರನ್ನು ತಯಾರು ಮಾಡುವ ಮಾತು ಯೋಜನೆಯ ಕೊನೇ ಪುಟದಲ್ಲಿ, 'ಶಿಕ್ಷಕರಿಗೆ ಸೂಕ್ತ ತರಬೇತಿ ನೀಡಲಾಗುವುದು' ಅನ್ನುವ ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತದೆ.

ಮೊದಲು ಹುದ್ದೆಯ ಲೆಕ್ಕ ನೋಡೋಣ. ಪ್ರೌಢಶಾಲೆಗೆ ಸರ್ಕಾರ ಶಿಕ್ಷಕರನ್ನು ತಗೊಳ್ಳುವುದು ವಿಷಯವಾರು: ಭಾಷೆಗಳು, ಪಿಸಿಎಂ, ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ), ಕಲಾ, ದೈಹಿಕ ಶಿಕ್ಷಣ, ಹೀಗೆ. ಮೊರಾರ್ಜಿ ದೇಸಾಯಿಯಂಥ ವಸತಿ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಕ ಅಂತಲೇ ಹುದ್ದೆ ಇದೆ. ಊರಿನ ಸಾಮಾನ್ಯ ಸರ್ಕಾರಿ ಪ್ರೌಢಶಾಲೆಯಲ್ಲಿ ಅಂಥದ್ದು ಕಾಣುವುದಿಲ್ಲ. ಹುದ್ದೆ ಇಲ್ಲ ಅಂದಮೇಲೆ ಬಿಸಿಎ ಓದಿದ ಹುಡುಗ, ಹುಡುಗಿ ಬಿಎಡ್ ಕಡೆ ಯಾಕೆ ತಿರುಗಿ ನೋಡುತ್ತಾರೆ? ಸಿಂಧನೂರಿನಲ್ಲಿ ಡಿಗ್ರಿ ಮುಗಿಸಿದವರು ಬೆಂಗಳೂರು ಇಲ್ಲವೇ ಹೈದರಾಬಾದ್ ಬಸ್ ಹತ್ತುತ್ತಾರೆ. ಬಿಎಡ್, ಶಿಕ್ಷಕರ ಕೋರ್ಸ್‌ಗಳಿಗೆ ಕಟ್ಟಳೆ ಮಾಡುವ ಎನ್‌ಸಿಟಿಇಯ 2014ರ ನಿಯಮಗಳ ಮೇಲೆ ಎರಡು ವರ್ಷದ ಕೋರ್ಸ್ ಆಯಿತು, ಅದರಲ್ಲಿ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಕುರಿತ ಒಂದು ಪೇಪರ್ ಕೂಡ ಇದೆ. ಆದರೆ ಆ ಪೇಪರ್ ಇರುವುದು ನಿಮ್ಮ ನಿಮ್ಮ ವಿಷಯವನ್ನು ಕಂಪ್ಯೂಟರ್ ಬಳಸಿ ಹೇಗೆ ಪಾಠ ಮಾಡಬೇಕು ಅನ್ನುವುದಕ್ಕೆ. ಕಂಪ್ಯೂಟರ್ ವಿಜ್ಞಾನವನ್ನೇ ಒಂದು ವಿಷಯವಾಗಿ ಹೇಗೆ ಕಲಿಸಬೇಕು ಅನ್ನುವುದು ಪೂರ್ತಿ ಬೇರೆ ಪ್ರಶ್ನೆ. ಈ ಎರಡನ್ನೂ ನಾವು ಇಪ್ಪತ್ತು ವರ್ಷದಿಂದ ಕಲಸಿಕೊಂಡೇ ಬಂದಿದ್ದೇವೆ.

ಇಪ್ಪತ್ತು ವರ್ಷ ಅಂತ ಸುಮ್ನೆ ಹೇಳಲಿಲ್ಲ. 2001ರ ಸುಮಾರಿಗೆ ಕರ್ನಾಟಕದಲ್ಲಿ ಮಾಹಿತಿ ಸಿಂಧು ಅಂತ ಯೋಜನೆ ಬಂತು. ಖಾಸಗಿ ಕಂಪನಿಗಳು ಕಂಪ್ಯೂಟರೂ ತಂದವು, ಕಲಿಸುವ ಹುಡುಗರನ್ನೂ ತಂದವು. ಮಕ್ಕಳು ಪೇಂಟ್‌ನಲ್ಲಿ ಮನೆ, ಗುಡ್ಡ, ಸೂರ್ಯ ಬರೆದರು. ಕಂಪನಿಯ ಹುಡುಗರು ಕಡಿಮೆ ಸಂಬಳಕ್ಕೆ ದುಡಿದರು, ಶಾಲೆಯ ಶಿಕ್ಷಕರು 'ಅದು ಅವರ ಕೆಲಸ' ಅಂತ ದೂರ ನಿಂತರು. ಕರಾರು ಮುಗಿದ ದಿನ ಕಲಿಸುವವರು ಹೋದರು, ಯಂತ್ರಗಳು ಉಳಿದವು. ಆಮೇಲೆ ಕೇಂದ್ರದ ಐಸಿಟಿ ಯೋಜನೆಯ ಕಂತುಗಳು ಬಂದವು, ಅವೂ ಹೆಚ್ಚುಕಡಿಮೆ ಅದೇ ದಾರಿ ಹಿಡಿದವು. ಇವತ್ತಿಗೂ ಎಷ್ಟೋ ಶಾಲೆಯ ಲ್ಯಾಬಿನಲ್ಲಿ ಯುಪಿಎಸ್ ಬ್ಯಾಟರಿ ಊದಿಕೊಂಡಿರುತ್ತದೆ, ಕಳ್ಳತನದ ಭಯಕ್ಕೆ ಬಾಗಿಲಿಗೆ ದೊಡ್ಡ ಕೀಲಿ ಬಿದ್ದಿರುತ್ತದೆ.

ಅದೇ ಹೊತ್ತಿನಲ್ಲಿ ಪಕ್ಕದ ಕೇರಳ ಬೇರೆ ದಾರಿ ಹಿಡಿಯಿತು. 2001ರಲ್ಲಿ ಶುರುವಾದ ಅವರ ಐಟಿ@ಸ್ಕೂಲ್ ಯೋಜನೆ ಹೊರಗಿನವರನ್ನು ಕರೆಯಲಿಲ್ಲ. ಶಾಲೆಯಲ್ಲಿ ಇದ್ದ ಗಣಿತದ, ವಿಜ್ಞಾನದ, ಭಾಷೆಯ ಶಿಕ್ಷಕರನ್ನೇ ಆರಿಸಿ, ಅವರಲ್ಲೇ ಕೆಲವರನ್ನು ತರಬೇತುದಾರರನ್ನಾಗಿ ಮಾಡಿ, ವರ್ಷ ವರ್ಷ ಬೆಳೆಸಿತು. ಮುಂದೆ ಉಚಿತ ತಂತ್ರಾಂಶಗಳಿಗೇ ತಿರುಗಿತು. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಐಟಿಗೆ ಅಂಕ ಇಟ್ಟಿತು. 2017ರಲ್ಲಿ ಅದು ಕೈಟ್ ಅನ್ನುವ ಸರ್ಕಾರಿ ಕಂಪನಿ ಆಯಿತು, 2024ರಲ್ಲಿ ಏಳನೇ ತರಗತಿಯ ಐಸಿಟಿ ಪುಸ್ತಕಕ್ಕೆ ಎಐ ಪಾಠ ಸೇರಿಸಿತು. ಒಂದು ಸಂಗತಿ ಕೇಳಿದರೆ ಹೊಟ್ಟೆ ಉರಿಯುತ್ತದೆ. ಆ ಪುಸ್ತಕಗಳು ಕನ್ನಡದಲ್ಲೂ ಬರುತ್ತವೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ. ಕನ್ನಡದಲ್ಲಿ ಹೈಸ್ಕೂಲ್ ಮಟ್ಟದ ಕಂಪ್ಯೂಟರ್ ಪಾಠ ಬರೆಯೋಕೆ ಆಗಲ್ಲ ಅನ್ನುವವರು ಒಮ್ಮೆ ಅದನ್ನು ತರಿಸಿ ನೋಡಬೇಕು.

ನಮ್ಮಲ್ಲೂ ಒಳ್ಳೆಯ ಪ್ರಯತ್ನ ಆಗಿಲ್ಲ ಅಂತಲ್ಲ. 2011ರ ಸುಮಾರಿಗೆ ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಜ್ಯದ ಡಿಎಸ್ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಅಲ್ಲಿ ಉಬುಂಟು ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್, ಜಿಯೋಜೀಬ್ರಾ ಅನ್ನುವ ಗಣಿತದ ತಂತ್ರಾಂಶ ಕಲಿತರು, ಮೇಲಿಂಗ್ ಗುಂಪಿನಲ್ಲಿ ಪಾಠ ಹಂಚಿಕೊಂಡರು. 2016-17ರ ಟಾಲ್ಪ್ (ತಂತ್ರಜ್ಞಾನದ ನೆರವಿನ ಕಲಿಕೆ) ಕಾರ್ಯಕ್ರಮ ಡಯಟ್‌ಗಳ (ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಗಳ) ಲ್ಯಾಬಿನಲ್ಲಿ ಸಾವಿರಾರು ಶಿಕ್ಷಕರನ್ನು ಕೂರಿಸಿತು. ಇವೆಲ್ಲದರಿಂದ ಕೀಬೋರ್ಡ್ ಭಯ ಹೋಯಿತು. ಅದು ಸಣ್ಣ ಲಾಭ ಅಲ್ಲ. ಆದರೆ ಅಲ್ಲಿನ ಗುರಿ ಬೀಜಗಣಿತವನ್ನೋ ಭೂಗೋಳವನ್ನೋ ಚೆನ್ನಾಗಿ ಹೇಳಿಕೊಡುವುದು. ಪ್ರೋಗ್ರಾಮಿಂಗ್ ಪಾಠ ಮಾಡುವುದು ಅದರ ಕೆಲಸವೇ ಆಗಿರಲಿಲ್ಲ.

ಹಾಗಾದರೆ ಪ್ರೋಗ್ರಾಮಿಂಗ್ ಪಾಠ ಮಾಡೋಕೆ ಏನು ಬೇಕು? ಸೈಕಲ್ ಹೊಡೆಯೋಕೆ ಬರುವವರೆಲ್ಲ ಇನ್ನೊಬ್ಬರಿಗೆ ಸೈಕಲ್ ಕಲಿಸಲಾರರು, ಅಲ್ವಾ? ಹಿಂದೆ ಓಡುತ್ತಾ ಎಲ್ಲಿ ಕೈ ಬಿಡಬೇಕು ಅನ್ನುವುದು ಬೇರೆಯದೇ ವಿದ್ಯೆ. ವಿಷಯ ಗೊತ್ತಿರುವುದು ಒಂದು, ಆ ವಿಷಯದಲ್ಲಿ ಮಕ್ಕಳು ಎಲ್ಲಿ, ಯಾಕೆ ಎಡವುತ್ತಾರೆ ಅಂತ ಗೊತ್ತಿರುವುದು ಇನ್ನೊಂದು ಅಂತ ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲೇ ಬಿಡಿಸಿ ಹೇಳಿದ್ದರು. ಗಣಿತದಲ್ಲಿ ನಮ್ಮ ಮಾಸ್ತರಿಗೆ ಈ ಎರಡನೆಯದು ರಕ್ತದಲ್ಲೇ ಇರುತ್ತದೆ. ಭಿನ್ನರಾಶಿ ಕೂಡಿಸುವಾಗ ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಡುತ್ತದೆ ಅಂತ ಅವರಿಗೆ ಉತ್ತರ ನೋಡುವ ಮೊದಲೇ ಗೊತ್ತು. ಕಂಪ್ಯೂಟರ್ ವಿಷಯದಲ್ಲಿ ಆ ಅನುಭವ ಇಲ್ಲ. ಯಾರೂ ಕೊಟ್ಟಿಲ್ಲ.

ಒಂದು ಉದಾಹರಣೆ ನೋಡಿ. ಒಂಬತ್ತನೇ ಕ್ಲಾಸಿನ ಹಲಗೆ ಮೇಲೆ ಈ ಮೂರು ಸಾಲು ಬರೆಯಿರಿ:

ಅ = 5
ಬ = ಅ
ಅ = 7

ಈಗ ಬ ಎಷ್ಟು? ಸರಿ ಉತ್ತರ 5. ಆದರೆ 'ಏಳು ರೀ ಸರ್' ಅನ್ನುವ ಕೈಗಳು ಕಡಿಮೆ ಇರುವುದಿಲ್ಲ. ಯಾಕೆ ಅಂದರೆ ಎಂಟನೇ ಕ್ಲಾಸಿನ ಬೀಜಗಣಿತದಲ್ಲಿ ಎರಡು ಅಕ್ಷರ ಸಮ ಅಂದರೆ ಕೊನೆವರೆಗೂ ಸಮ. ಒಂದು ಬದಲಾದರೆ ಇನ್ನೊಂದೂ ಬದಲಾಗಲೇಬೇಕು. ಇಲ್ಲಿ ಅದೇ ಗುರುತು ಬೇರೆ ಕೆಲಸ ಮಾಡುತ್ತಿದೆ: ಬಲಗಡೆ ಈಗ ಇರುವ ಬೆಲೆಯನ್ನು ನಕಲು ಮಾಡಿ ಎಡಗಡೆಗೆ ಇಡು, ಆಮೇಲೆ ಇಬ್ಬರಿಗೂ ಸಂಬಂಧ ಇಲ್ಲ. ಇನ್ನೊಂದು ಮಗು ಬೇರೆ ಥರ ಯೋಚಿಸುತ್ತದೆ. ಎರಡನೇ ಸಾಲಿನ ಹತ್ತಿರ ನಿಲ್ಲಿಸಿ 'ಈಗ ಅ ಹತ್ತಿರ ಏನಿದೆ?' ಅಂದರೆ, 'ಏನೂ ಇಲ್ಲ ರೀ, ಇದ್ದ ಐದನ್ನು ಬ-ಗೆ ಕೊಟ್ಟುಬಿಟ್ಟನಲ್ಲ' ಅನ್ನುತ್ತದೆ. ಮೂರನೆಯದು ಅ ಒಳಗೆ 5, 7 ಎರಡೂ ಇವೆ ಅನ್ನುತ್ತದೆ. ಈ ಮೂರೂ ತಪ್ಪುಗಳು ಜಗತ್ತಿನ ಎಷ್ಟೋ ಕಡೆ ಹೊಸದಾಗಿ ಕಲಿಯುವವರಲ್ಲಿ ಕಂಡಿವೆ, ಸಂಶೋಧಕರು ಬರೆದೂ ಇಟ್ಟಿದ್ದಾರೆ. ತರಬೇತಿ ಇಲ್ಲದ ಶಿಕ್ಷಕ 'ತಪ್ಪು, ಐದು' ಅಂದು ಮುಂದೆ ಹೋಗುತ್ತಾರೆ, ಮಗು ಐದು ಅಂತ ಬಾಯಿಪಾಠ ಮಾಡುತ್ತದೆ. ತಯಾರಾದ ಶಿಕ್ಷಕ 'ಏಳು ಎಲ್ಲಿಂದ ಬಂತಪ್ಪಾ, ಹೇಳು ನೋಡೋಣ' ಅಂತ ಕೇಳಿ, ಹಲಗೆ ಮೇಲೆ ಅ, ಬ ಅಂತ ಎರಡು ಕಾಲಂ ಎಳೆದು, ಒಂದೊಂದು ಸಾಲಿಗೂ ಏನಾಯಿತು ಅಂತ ಮಗುವಿನ ಕೈಯಲ್ಲೇ ಬರೆಸುತ್ತಾರೆ.

ಇದಕ್ಕೆ ಕರೆಂಟ್ ಬೇಕಾ? ಬೇಡ. ರಾಯಚೂರಿನ ಶಕ್ತಿನಗರ, ಯರಮರಸ್, ಬಳ್ಳಾರಿಯ ಕುಡಿತಿನಿ, ಮೂರು ಕಡೆ ಇಡೀ ರಾಜ್ಯಕ್ಕೆ ಕರೆಂಟ್ ಮಾಡುವ ಶಾಖೋತ್ಪನ್ನ ಸ್ಥಾವರ ಇಟ್ಟುಕೊಂಡೂ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನ ಫ್ಯಾನ್ ನಿಲ್ಲುವ ಸೀಮೆ ನಮ್ಮದು, ಹಾಗಾಗಿ ಇದು ಸಣ್ಣ ಮಾತಲ್ಲ.

ಗಣಿತದ ಶಿಕ್ಷಕರಿಗೇ ಇಲ್ಲಿ ಒಂದು ವಿಶೇಷ ತೊಡಕಿದೆ. ಅ = ಅ + 1 ಅಂತ ಬರೆದು ನೋಡಿ. ಗಣಿತದಲ್ಲಿ ಇದು ಹುಚ್ಚು, ಎರಡೂ ಕಡೆ ಅ ತೆಗೆದರೆ ಸೊನ್ನೆ ಒಂದಕ್ಕೆ ಸಮ ಆಗುತ್ತದೆ. ಪ್ರೋಗ್ರಾಮಿಂಗ್‌ನಲ್ಲಿ ಇದು ದಿನಾ ಬಳಸುವ ಸಾಲು. ಗಣಿತ ಬಂದವರಿಗೆ ಕಂಪ್ಯೂಟರ್ ತಾನಾಗೇ ಬರುತ್ತದೆ ಅಂತ ಇಲಾಖೆ ನಂಬಿಕೊಂಡಿದೆ. ಬಹಳ ಮಟ್ಟಿಗೆ ಸರಿಯೇ. ಆದರೆ ಅವರ ಗಣಿತವೇ ಅಡ್ಡ ಬರುವ ಇಂಥ ಜಾಗಗಳನ್ನು ತರಬೇತಿಯಲ್ಲಿ ಅವರ ಮುಂದೆ ಬಿಚ್ಚಿಡದಿದ್ದರೆ, ಅದೇ ಗೊಂದಲವನ್ನು ಅವರು ಮಕ್ಕಳಿಗೂ ದಾಟಿಸುತ್ತಾರೆ.

ಇನ್ನೊಂದು ದೊಡ್ಡ ತಪ್ಪು ಕಲ್ಪನೆಯನ್ನು ರಾಯ್ ಪೀ ಅನ್ನುವ ಸಂಶೋಧಕರು ಕೂಡ 1986ರಲ್ಲೇ ಗುರುತಿಸಿದ್ದರು: ಯಂತ್ರದ ಒಳಗೆ ಒಂದು ಬುದ್ಧಿ ಇದೆ, ನಾನು ಸರಿಯಾಗಿ ಬರೆಯದಿದ್ದರೂ ನನ್ನ ಮನಸ್ಸಿನಲ್ಲಿರುವುದು ಅದಕ್ಕೆ ತಿಳಿಯುತ್ತದೆ ಅಂತ ಕಲಿಯುವವರು ಒಳಗೊಳಗೇ ಅಂದುಕೊಳ್ಳುವುದು. ಆಗ ಅದು ಬರೀ ಕಲ್ಪನೆ. ಈಗ ಮಕ್ಕಳ ಕೈಯಲ್ಲಿ ಅರೆಬರೆ ಕೇಳಿದರೂ ಪೂರ್ತಿ ಉತ್ತರ ಕೊಡುವ ಎಐ ಇದೆ. ಆ ಕಲ್ಪನೆಗೆ ಸಾಕ್ಷಿಯೇ ಸಿಕ್ಕಂತಾಯಿತು. 'ಎಐಯೇ ಕೋಡ್ ಬರೆಯುವಾಗ ಇವೆಲ್ಲ ಯಾಕೆ' ಅಂತ ಕೇಳುವವರಿಗೂ ಉತ್ತರ ಇಲ್ಲೇ ಇದೆ. ಅದು ಬರೆದುಕೊಟ್ಟದ್ದನ್ನು ಸಾಲು ಸಾಲಾಗಿ ಓದಿ, ಎಲ್ಲಿ ಎಡವಿದೆ ಅಂತ ಹಿಡಿಯುವವರು ಬೇಕು. ಆ ಓದು ಮೊದಲು ಆ ಮೂರು ಸಾಲಿನಿಂದಲೇ ಶುರುವಾಗುವುದು. 2004ರಲ್ಲಿ ರೇಮಂಡ್ ಲಿಸ್ಟರ್ ಮತ್ತು ಸಂಗಡಿಗರು ಏಳು ದೇಶದ ಕಾಲೇಜು ವಿದ್ಯಾರ್ಥಿಗಳನ್ನು ನೋಡಿದಾಗ, ಪ್ರೋಗ್ರಾಮಿಂಗ್ ಕೋರ್ಸ್ ಮುಗಿಸಿದವರಲ್ಲೇ ಎಷ್ಟೋ ಜನಕ್ಕೆ ಸಣ್ಣ ಕೋಡ್ ಓದಿ ಉತ್ತರ ಹೇಳೋಕೆ ಆಗಲಿಲ್ಲ. ಬರೆಸುವ ಅವಸರದಲ್ಲಿ ಓದಿಸುವುದನ್ನು ಮರೆತಿದ್ದರು.

ಹಾಗಾಗಿ ಒಳ್ಳೆಯ ತರಬೇತಿ ಹೇಗಿರಬೇಕು ಅಂದರೆ, ನನ್ನ ಪ್ರಕಾರ ಅದರ ಅರ್ಧ ಹೊತ್ತು ಮಕ್ಕಳ ತಪ್ಪು ಉತ್ತರಗಳ ಮೇಲೆ ಹೋಗಬೇಕು. ಉಳಿದರ್ಧದಲ್ಲಿ ಸಾಫ್ಟ್‌ವೇರ್ ಕಲಿಯಲಿ. ಇಂಗ್ಲೆಂಡಿನ ಸೂ ಸೆಂಟೆನ್ಸ್ ಮತ್ತು ಸಂಗಡಿಗರು ರೂಪಿಸಿದ ಪ್ರಿಮ್ ಅನ್ನುವ ಕ್ರಮ ಇದಕ್ಕೆ ಸರಿ ಹೊಂದುತ್ತದೆ: ಕೋಡ್ ಕೊಟ್ಟು ಮೊದಲು ಏನಾಗಬಹುದು ಊಹಿಸಿ ಅನ್ನುವುದು, ಓಡಿಸಿ ನೋಡುವುದು, ಯಾಕೆ ಹಾಗಾಯಿತು ಅಂತ ಕೆದಕುವುದು, ಸ್ವಲ್ಪ ತಿದ್ದುವುದು, ಕೊನೆಗೆ ಸ್ವಂತದ್ದು ಬರೆಯುವುದು. ನ್ಯೂಜಿಲೆಂಡಿನ ಪಾರ್ಸನ್ಸ್ ಮತ್ತು ಹೇಡನ್ 2006ರಲ್ಲಿ ಇನ್ನೂ ಸುಲಭದ ಒಂದು ಅಭ್ಯಾಸ ಹೇಳಿದರು. ಸರಿಯಾದ ಕೋಡಿನ ಸಾಲುಗಳನ್ನು ಕಲಸಿ ಕೊಡುವುದು, ಮಕ್ಕಳು ಅವನ್ನು ಕ್ರಮಕ್ಕೆ ಜೋಡಿಸುವುದು. ಅವರು ಕಂಪ್ಯೂಟರಿನಲ್ಲಿ ಮಾಡಿಸಿದರು, ನಾವು ಹಳೇ ನೋಟ್‌ಬುಕ್ಕಿನ ಹಾಳೆ ಕತ್ತರಿಸಿ ಮಾಡಿಸಬಹುದು. ಅಂದಹಾಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅ, ಬ ಥರದ ಚರಾಕ್ಷರದ ಹೆಸರನ್ನು ಕನ್ನಡದಲ್ಲೇ ಇಡಬಹುದು. ಅಂಕ = 35 ಅಂತ ಬರೆದರೆ ಅದು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಆಜ್ಞೆಯ ಪದಗಳು ಇಂಗ್ಲಿಷಿನಲ್ಲೇ ಇರುತ್ತವೆ, ಇರಲಿ, ಅವು ಬೆರಳೆಣಿಕೆಯಷ್ಟು.

ಅದೇ ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಗೆಳೆಯರ ಸಿಎಸ್ ಅನ್‌ಪ್ಲಗ್ಡ್ ಚಟುವಟಿಕೆಗಳು ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುತ್ತವೆ. ಒಂದನ್ನು ಹೇಳುತ್ತೇನೆ. ಬಿಸಿಲು ಏರುವ ಮುಂಚೆ, ಪ್ರಾರ್ಥನೆ ಮುಗಿದ ಅಂಗಳದಲ್ಲಿ ಸುಣ್ಣದ ಪುಡಿಯಿಂದ ದಾರಿಗಳನ್ನು ಎಳೆಯಿರಿ. ಆರು ಮಕ್ಕಳು ಒಂದೊಂದು ಅಂಕೆಯ ಚೀಟಿ ಹಿಡಿದು ಒಂದು ಕಡೆಯಿಂದ ನಡೆಯುತ್ತಾರೆ. ದಾರಿಗಳು ಸೇರುವ ವೃತ್ತದಲ್ಲಿ ಇಬ್ಬಿಬ್ಬರು ಎದುರಾಗುತ್ತಾರೆ. ಚಿಕ್ಕ ಅಂಕೆಯವರು ಎಡಕ್ಕೆ, ದೊಡ್ಡ ಅಂಕೆಯವರು ಬಲಕ್ಕೆ. ಯಾರೂ ಇಡೀ ಸಾಲನ್ನು ನೋಡಿಕೊಂಡು ನಿರ್ಧಾರ ಮಾಡುತ್ತಿಲ್ಲ, ಆದರೂ ಆಚೆ ಕಡೆ ತಲುಪುವಾಗ ಆರೂ ಜನ ಕ್ರಮದಲ್ಲಿ ನಿಂತಿರುತ್ತಾರೆ. ಮಕ್ಕಳು ಕುಣಿದಾಡುತ್ತಾರೆ, ಅದು ಕಷ್ಟವಲ್ಲ. ಕಷ್ಟ ಬರುವುದು ಆಮೇಲೆ. 'ಯಾವ ಅಂಕೆ ಕೊಟ್ಟರೂ ಹೀಗೇ ಆಗುತ್ತದಾ? ಒಂದು ವೃತ್ತ ಅಳಿಸಿದರೆ? ಇಬ್ಬರ ಹತ್ತಿರ ಒಂದೇ ಅಂಕೆ ಇದ್ದರೆ?' ಅಂತ ಕೇಳಿಕೊಂಡು ಆಟವನ್ನು ಪಾಠ ಮಾಡುವುದು. ಆ ಪ್ರಶ್ನೆ ಕೇಳೋಕೆ ಬರದಿದ್ದರೆ ಅದು ಖಾಲಿ ಪಿಟಿ ಪೀರಿಯಡ್. ಭಾರತದಲ್ಲೂ ಕಂಪ್ಯೂಟರ್ ತಜ್ಞರ ಸಂಘ ಎಸಿಎಂ ಇಂಡಿಯಾ 2016ರಿಂದ ಸಿಎಸ್‌ಪಾಠಶಾಲಾ ಹೆಸರಿನಲ್ಲಿ ಇಂಥ ಪಾಠಗಳನ್ನು ಶಿಕ್ಷಕರಿಗೆ ತಲುಪಿಸುತ್ತಿದೆ.

ಇದನ್ನೆಲ್ಲ ಯಾರು ಕೊಡಬೇಕು? ಈಗಿನ ಪದ್ಧತಿ ನಿಮಗೆ ಗೊತ್ತೇ ಇದೆ. ಬೆಂಗಳೂರಿನಲ್ಲಿ ಎಂಆರ್‌ಪಿಗಳಿಗೆ (ರಾಜ್ಯ ಮಟ್ಟದ ತರಬೇತುದಾರರಿಗೆ), ಅವರು ಡಯಟ್‌ನಲ್ಲಿ ಆರ್‌ಪಿಗಳಿಗೆ (ಜಿಲ್ಲೆಯ ತರಬೇತುದಾರರಿಗೆ), ಅವರು ತಾಲ್ಲೂಕಿನ ಬಿಆರ್‌ಸಿಯಲ್ಲಿ ಶಿಕ್ಷಕರಿಗೆ. ಮೂರನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಪಿಪಿಟಿ ಉಳಿದಿರುತ್ತದೆ, ವಿಷಯ ಸೋರಿರುತ್ತದೆ. ಶಿಕ್ಷಕರು ಓಓಡಿ (ಶಾಲೆಯ ಹೊರಗಿನ ಕರ್ತವ್ಯ) ಮೇಲೆ ಬರುತ್ತಾರೆ, ಸಹಿ ಹಾಕುತ್ತಾರೆ, ಹಾಜರಾತಿ ಪತ್ರ ತಗೊಂಡು ಸಂಜೆ ಬಸ್ ಹಿಡಿಯುತ್ತಾರೆ. ಕೋವಿಡ್ ಕಾಲದಲ್ಲಿ ದೀಕ್ಷಾ ಜಾಲತಾಣದಲ್ಲಿ ಬಂದ ಕೇಂದ್ರದ ನಿಷ್ಠಾ ಆನ್‌ಲೈನ್ ತರಬೇತಿಯಲ್ಲಿ ವಿಡಿಯೋ ಹಾಕಿ ಅಡುಗೆ ಮಾಡಿಕೊಂಡವರು ಎಷ್ಟು ಜನ ಅಂತ ಶಿಕ್ಷಕರನ್ನೇ ಕೇಳಿ, ನಕ್ಕುಬಿಡುತ್ತಾರೆ. ತಪ್ಪು ಅವರದಲ್ಲ. ಯಾರೂ ಅವರ ಕ್ಲಾಸಿಗೆ ಬಂದು, ಪಾಠ ನೋಡಿ, 'ಇಲ್ಲಿ ಹೀಗೆ ಕೇಳಿದ್ದರೆ ಚೆನ್ನಾಗಿತ್ತು ಸರ್' ಅನ್ನದಿದ್ದರೆ ತರಬೇತಿ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆಯೇ.

ಇದು ನಮ್ಮ ಇಲಾಖೆಗಷ್ಟೇ ಅಂಟಿದ ರೋಗ ಅಲ್ಲ ಅಂತಲೂ ಹೇಳಬೇಕು. ಇಂಗ್ಲೆಂಡ್ 2014ರಲ್ಲಿ ಐದು ವರ್ಷದ ಮಗುವಿನಿಂದಲೇ ಕಂಪ್ಯೂಟಿಂಗ್ ಕಡ್ಡಾಯ ಮಾಡಿತು. ವರ್ಡ್, ಎಕ್ಸೆಲ್ ಕಲಿಸುತ್ತಿದ್ದ ಶಿಕ್ಷಕರು ರಾತ್ರಿ ಕಳೆದು ಬೆಳಗಾಗುವುದರಲ್ಲಿ ಪ್ರೋಗ್ರಾಮಿಂಗ್ ಕಲಿಸಬೇಕಾಯಿತು. ಮೂರು ವರ್ಷ ಬಿಟ್ಟು ಅಲ್ಲಿನ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿ ನೋಡಿದಾಗ ಕೆಲವು ಶಾಲೆಯಲ್ಲಿ ಚೆನ್ನಾಗಿತ್ತು, ಬಹಳ ಕಡೆ ಅಲುಗಾಡುತ್ತಿತ್ತು. ಆಮೇಲೆ 2018ರಲ್ಲಿ ಸುಮಾರು 8.4 ಕೋಟಿ ಪೌಂಡ್ ತೆಗೆದಿಟ್ಟು ಶಿಕ್ಷಕರ ತಯಾರಿಗೆ ರಾಷ್ಟ್ರೀಯ ಕೇಂದ್ರ ಮಾಡಿದರು. ಮೊದಲು ವಿಷಯ, ಆಮೇಲೆ ಶಿಕ್ಷಕ. ಇಸ್ರೇಲ್ ಮಾತ್ರ ಉಲ್ಟಾ ಮಾಡಿತು. ಹೈಸ್ಕೂಲಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸಬೇಕಾದರೆ ಅದೇ ವಿಷಯದ ಪದವಿಯೂ ಬೇಕು, ಕಲಿಸುವ ಸರ್ಟಿಫಿಕೇಟೂ ಬೇಕು ಅಂತ ಮೊದಲೇ ಗೆರೆ ಎಳೆಯಿತು.

ಇಸ್ರೇಲಿನ ಗೆರೆ ನಮಗೆ ಈಗಲೇ ಆಗದ ಮಾತು. ಆದರೆ ಕಲ್ಯಾಣ ಕರ್ನಾಟಕದಲ್ಲಿ ಇರುವುದನ್ನೇ ಜೋಡಿಸಿದರೂ ಸಾಕಷ್ಟಾಗುತ್ತದೆ. ಕೊಪ್ಪಳದ ಡಯಟ್ ಮುನಿರಾಬಾದಿನಲ್ಲಿದೆ, ರಾಯಚೂರಿನದು ಯರಮರಸ್‌ನಲ್ಲಿ. 2019ರಲ್ಲಿ ಶುರುವಾದ ರಾಯಚೂರಿನ ಐಐಐಟಿ ಮೊದಲು ಹೈದರಾಬಾದ್ ಐಐಟಿಯಲ್ಲಿ ನಡೆದು, ಆಮೇಲೆ ಇದೇ ಯರಮರಸ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಬಂತು. ದೇಶದ ಕಂಪ್ಯೂಟರ್ ಪಂಡಿತರೂ ಜಿಲ್ಲೆಯ ಶಿಕ್ಷಕರನ್ನು ತಯಾರು ಮಾಡುವವರೂ ಒಂದೇ ಊರಿನ ಆಸುಪಾಸಿನಲ್ಲಿ ಕೂತರು. ಬಳ್ಳಾರಿಯಲ್ಲಿ 2010ರಿಂದ ಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಆದರೆ ಇಲ್ಲೊಂದು ಎಚ್ಚರ ಬೇಕು. ಎಂಜಿನಿಯರಿಂಗ್ ಪ್ರೊಫೆಸರನ್ನು ಕರೆದು ಎರಡು ದಿನ ಉಪನ್ಯಾಸ ಕೊಡಿಸಿದರೆ ಅವರು ಡೇಟಾ ಸ್ಟ್ರಕ್ಚರ್ ಥರದ ಕಾಲೇಜು ಪಾಠ ಹೇಳಿ ಹೋಗುತ್ತಾರೆ. ಅವರು ವಿಷಯ ನೋಡಿಕೊಳ್ಳಲಿ, ಡಯಟ್ ಉಪನ್ಯಾಸಕರು ಕಲಿಸುವ ಕ್ರಮ ನೋಡಿಕೊಳ್ಳಲಿ, ಒಂದೇ ರೂಮಿನಲ್ಲಿ, ಒಟ್ಟಿಗೆ. ಶಿಕ್ಷಕರು ಬರುವಾಗ ತಮ್ಮ ಕ್ಲಾಸಿನ ಮಕ್ಕಳ ಉತ್ತರದ ಹಾಳೆ ತರಲಿ. ಶನಿವಾರ ಹೇಗೂ ಬೆಳಗಿನ ಶಾಲೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ತಾಲ್ಲೂಕಿನಲ್ಲೇ ಸೇರಲಿ. ವರ್ಷಕ್ಕೆ 50 ಗಂಟೆ ಶಿಕ್ಷಕರ ಕಲಿಕೆಗೆ ಇಡಬೇಕು ಅಂತ 2020ರ ಅದೇ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ, ಅದರಲ್ಲೇ ಲೆಕ್ಕ ಹಿಡಿಯಬಹುದು. ದುಡ್ಡು ಇಲ್ಲ ಅನ್ನುವಂತಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದಮೇಲೆ ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ) ಕೈಯಲ್ಲಿ ದೊಡ್ಡ ಅನುದಾನ ಇದೆ. ಕಟ್ಟಡ ಕಟ್ಟಿದರೆ ಉದ್ಘಾಟನೆಗೆ ರಿಬ್ಬನ್ ಸಿಗುತ್ತದೆ, ಶಿಕ್ಷಕರ ತಲೆಯೊಳಗೆ ಕಟ್ಟಿದ್ದಕ್ಕೆ ಸಿಗುವುದಿಲ್ಲ, ಅಷ್ಟೇ.

ಇಷ್ಟಾದರೂ ಒಂದು ಗೋಡೆ ಉಳಿಯುತ್ತದೆ: ಎಸ್ಸೆಸ್ಸೆಲ್ಸಿ. ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಜಿಲ್ಲೆಗಳು ಎಲ್ಲಿರುತ್ತವೆ ಅಂತ ಬೇರೆ ಹೇಳಬೇಕಾಗಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಕಣ್ಗಾವಲು) ಬಂದು ರಾಜ್ಯದ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಕುಸಿದ ಮೇಲೆ ಒತ್ತಡ ಇನ್ನೂ ಜಾಸ್ತಿ ಆಗಿದೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಮಕ್ಕಳೇ ಬರುವುದಿಲ್ಲ. ಬಂದವರಿಗೆ ಬೆಳಗ್ಗೆ ವಿಶೇಷ ತರಗತಿ, ಸಂಜೆ ಪಾಸಿಂಗ್ ಪ್ಯಾಕೇಜ್. ಪಿಸಿಎಂ ಸರ್‌ನ ಕಂಪ್ಯೂಟರ್ ಪೀರಿಯಡ್ ಜನವರಿ ಹೊತ್ತಿಗೆ ಗಣಿತಕ್ಕೆ ಹೋಗಿಯೇ ಹೋಗುತ್ತದೆ. ಎಚ್ಚೆಮ್ಮರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಕೇರಳದವರು ಪರೀಕ್ಷೆಯಲ್ಲಿ ಅಂಕ ಇಟ್ಟಿದ್ದು ಇದಕ್ಕೇ. ಹತ್ತನೇ ತರಗತಿ ಮುಟ್ಟೋಕೆ ಆಗದಿದ್ದರೆ ಎಂಟು, ಒಂಬತ್ತರಲ್ಲಾದರೂ ವಾರಕ್ಕೆ ಎರಡು ಪೀರಿಯಡ್ ಗಟ್ಟಿ ಮಾಡಿ, ಎಫ್ಎಯಲ್ಲಿ (ವರ್ಷದ ನಡುವಿನ ರೂಪಣಾತ್ಮಕ ಮೌಲ್ಯಮಾಪನದಲ್ಲಿ) ಅಂಕ ಕೊಡಲಿ. ಜೊತೆಗೆ ಆ ಶಿಕ್ಷಕರ ಕೈಯಿಂದ ಸ್ಯಾಟ್ಸ್ ಕೆಲಸ ಬಿಡಿಸಲಿ. ಇದಕ್ಕೆ ಒಂದು ಸುತ್ತೋಲೆ ಸಾಕು.

ಕೊನೆಯದು ವರ್ಗಾವಣೆ. ಬೇರೆ ಜಿಲ್ಲೆಯಿಂದ ಇಲ್ಲಿಗೆ ನೇಮಕ ಆದವರಲ್ಲಿ ಬಹಳ ಜನಕ್ಕೆ ವರ್ಗಾವಣೆಯ ಕೌನ್ಸೆಲಿಂಗ್ ಯಾವಾಗ ಅನ್ನುವುದೇ ಧ್ಯಾನ. ಮೂರು ವರ್ಷ ಕೂರಿಸಿ ತಯಾರು ಮಾಡಿದವರು ಒಂದು ದಿನ ದಾವಣಗೆರೆಗೋ ಹಾವೇರಿಗೋ ಹೋಗಿಬಿಟ್ಟರೆ ಲ್ಯಾಬಿಗೆ ಮತ್ತೆ ಕೀಲಿ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ ಕರೆದಾಗ 5,000 ಕಲ್ಯಾಣ ಕರ್ನಾಟಕಕ್ಕೇ ಇದ್ದವು. ಹೀಗೆ ಬಹುಪಾಲು ಇದೇ ಭಾಗದವರಿಗೆ ಇಟ್ಟ ಸ್ಥಳೀಯ ವೃಂದದಲ್ಲಿ ಬಂದವರಲ್ಲಿ ಇಲ್ಲೇ ಉಳಿಯುವವರು ಜಾಸ್ತಿ. ಆರು, ಏಳನೇ ತರಗತಿಯ ಪಾಠ ಹೇಗೂ ಅವರ ಕೈಯಲ್ಲೇ ಇದೆ. ಮೊದಲ ತಂಡ ಆರಿಸುವಾಗ ಹೈಸ್ಕೂಲಿನ ಪಿಸಿಎಂ ಶಿಕ್ಷಕರ ಜೊತೆ ಅದೇ ಊರಿನ ಹಿರಿಯ ಪ್ರಾಥಮಿಕ ಶಾಲೆಯ ಇಂಥ ಒಬ್ಬರನ್ನೂ ಸೇರಿಸಿ, ಜೋಡಿಯಾಗಿ ಕಳಿಸಬೇಕು. ಒಬ್ಬರಿಗೆ ವರ್ಗ ಆದರೂ ಇನ್ನೊಬ್ಬರು ಇರುತ್ತಾರೆ.